ಕೈಗೆ ತಕ್ಕ ದಂಡಿ

ನುಡಿಸುವವನು ವಾದ್ಯಕ್ಕೆ ಒಗ್ಗಬೇಕೋ, ವಾದ್ಯವನ್ನೇ ನುಡಿಸುವವನಿಗೆ ಒಗ್ಗಿಸಿಕೊಳ್ಳಬೇಕೋ ಎಂಬ ಪ್ರಶ್ನೆಯು ಈ ವರ್ಷ ನಮ್ಮ ಗೆಳೆಯರ ಬಳಗದಲ್ಲಿ ಅನೇಕ ಸಲ ಚರ್ಚೆಗೆ ಬಂದಿತು. ಆ ಚರ್ಚೆಗೆ ಕಾರಣನಾದವನು ನಾನೇ. ಕಳೆದ ಬೇಸಿಗೆಯಲ್ಲಿ ದುಡಿದ ಕೂಲಿಯ ಹಣವನ್ನು ಕೂಡಿಸಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಕೊಂಡುತಂದೆನು. ಕೆಲವು ತಿಂಗಳಾದ ಮೇಲೆ ನಮ್ಮ ಕಾನಹೊಸಹಳ್ಳಿಯ ಬಡಗಿಯೊಬ್ಬರ ನೆರವಿನಿಂದ ಅದರ ದಂಡಿಯ ಬೆನ್ನನ್ನು ಉಜ್ಜಿ ತುಸು ತೆಳ್ಳಗೆ ಮಾಡಿದೆನು. ಕೆಲವು ಮಿತ್ರರು "ಒಳ್ಳೇ ಸಾಮಾನು ಕೆಡಿಸಿಬಿಟ್ಟೆ" ಎಂದರು. ನಾನು ಬಹಳವಾಗಿ ಗೌರವಿಸುವ ಅಧ್ಯಾಪಕರೊಬ್ಬರು ನಗುತ್ತಲೇ, "ಅಲ್ಲಪ್ಪಾ, ನವರಾತ್ರಿಯಲ್ಲಿ ಸರಸ್ವತಿಯೆಂದು ಪೂಜಿಸುವ ವಸ್ತುವಿನ ಮೇಲೆ ಅರ ಆಡಿಸಬಹುದೇ?" ಎಂದು ಕೇಳಿದರು. ಅಂದು ನಾನು ಎದುರಾಡಲಿಲ್ಲ. ಗುರುಗಳಿಗೆ ಎದುರಾಡುವುದು ಇಂದಿಗೂ ನನ್ನ ಉದ್ದೇಶವಲ್ಲ. ಆದರೆ ಅವರು ಕೇಳಿದ ಪ್ರಶ್ನೆಯು ನಿಜವಾದ ಪ್ರಶ್ನೆಯಾದುದರಿಂದ ಅದಕ್ಕೆ ಉತ್ತರವೊಂದನ್ನು ಕೊಡುವುದು ಶಿಷ್ಯನ ಕರ್ತವ್ಯವೆಂದು ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಗಿಟಾರನ್ನು ಹತ್ತಿರದಿಂದ ನೋಡದ ವಾಚಕರಿಗಾಗಿ ಮೊದಲು ಎರಡು ಮಾತು. ವೀಣೆಗೆ ದಂಡಿಯಿರುವಂತೆ ಗಿಟಾರಿಗೂ ಒಂದು ಉದ್ದನೆಯ ದಂಡಿಯುಂಟು. ಇಂಗ್ಲಿಷಿನವರು ಅದನ್ನು ನೆಕ್, ಎಂದರೆ ಕುತ್ತಿಗೆ ಎನ್ನುತ್ತಾರೆ. ಅದರ ಮುಂಭಾಗದ ಹಲಗೆಯ ಮೇಲೆ ಲೋಹದ ಮೆಟ್ಟುಗಳನ್ನು ಕೂರಿಸಿರುತ್ತದೆ. ಬೆರಳುಗಳು ತಂತಿಯನ್ನು ಒತ್ತುವುದು ಅಲ್ಲಿ. ಹಿಂಭಾಗವು ದುಂಡಗಿದ್ದು ಹೆಬ್ಬೆರಳು ಅಲ್ಲಿ ಆತುಕೊಂಡಿರುತ್ತದೆ. ವೀಣೆಯ ಮೆಟ್ಟುಗಳು ಮೇಣದ ಮೇಲೆ ಕುಳಿತಿರುತ್ತವೆ. ಬೇಕೆಂದಾಗ ಮೇಣವನ್ನು ಮೆತ್ತಗೆ ಮಾಡಿ ಮೆಟ್ಟನ್ನು ಸರಿಸಬಹುದು. ಗಿಟಾರಿನ ಮೆಟ್ಟುಗಳನ್ನು ಮರದ ಸೀಳಿನಲ್ಲಿ ಬಿಗಿಯಾಗಿ ಹೊಡೆದಿರುವುದರಿಂದ ಅವನ್ನು ಸರಿಸುವಂತಿಲ್ಲ. ದಂಡಿಯು ತಂತಿಯ ಎಳೆತಕ್ಕೆ ಬಾಗದಿರಲೆಂದು ಅದರ ಒಳಗೆ ಉಕ್ಕಿನ ಸರಳೊಂದನ್ನು ಹುದುಗಿಸುತ್ತಾರೆ. ಅಮೆರಿಕದ ಗಿಬ್ಸನ್ ಕಂಪನಿಯವರು ೧೯೨೦ರ ದಶಕದಲ್ಲಿ ಬಳಕೆಗೆ ತಂದ ಉಪಾಯವಿದು. ಅದೇ ದೇಶದ ಲಿಯೊ ಫೆಂಡರ್ ಎಂಬವರು ೧೯೫೦ರ ಸುಮಾರಿಗೆ ದಂಡಿಯನ್ನು ಅಂಟಿಸುವ ಬದಲು ನಾಲ್ಕು ತಿರುಪುಮೊಳೆಗಳಿಂದ ಒಡಲಿಗೆ ಬಿಗಿದು ಮಾರಾಟಕ್ಕೆ ತಂದರು. ಸವೆದರೆ ಬಿಚ್ಚಬಹುದು, ಬದಲಾಯಿಸಬಹುದು ಎಂಬುದು ಅದರ ಹಿಂದಿನ ಲೆಕ್ಕ. ನನ್ನದು ಅಂತಹುದರ ಅಗ್ಗದ ನಕಲು.

ಈಗ ನನ್ನ ತೊಂದರೆಯನ್ನು ಹೇಳುತ್ತೇನೆ. ನಾನು ಎಡಗೈಯಲ್ಲಿ ಬರೆಯುವವನು. ಎಡಚರಿಗೆಂದು ಮಾಡಿದ ಗಿಟಾರುಗಳು ನಮ್ಮ ಕಡೆಯ ಅಂಗಡಿಗಳಲ್ಲಿ ಸಿಕ್ಕುವುದಿಲ್ಲವಾದುದರಿಂದ ಎಲ್ಲರಂತೆ ಬಲಗೈಯಲ್ಲಿ ಮೀಟಿ ಎಡಗೈಯಲ್ಲಿ ದಂಡಿ ಹಿಡಿಯುವುದನ್ನೇ ಕಲಿತೆ. ನನ್ನ ಗಿಟಾರಿನ ದಂಡಿ ದಪ್ಪ, ಕೈ ಸಣ್ಣದು. ಸಾಲದುದಕ್ಕೆ ಅದರ ಬೆನ್ನಿಗೆ ಗಾಜಿನಂತೆ ಹೊಳೆಯುವ ಲೇಪವಿತ್ತು. ನಮ್ಮೂರ ಬೇಸಿಗೆಯಲ್ಲಿ ಅಂಗೈ ಬೆವತರೆ ಹೆಬ್ಬೆರಳು ಅಲ್ಲಿ ಅಂಟಿಕೊಂಡು ಜಾರಲೊಲ್ಲದು. ಅರ್ಧ ಗಂಟೆ ನುಡಿಸಿದರೆ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ನೋವು. ಮರುದಿನ ತರಗತಿಯಲ್ಲಿ ಅದೇ ಕೈಯಿಂದ ಟಿಪ್ಪಣಿ ಬರೆಯಬೇಕು! ಮೊದಲನೆಯ ಆಂತರಿಕ ಪರೀಕ್ಷೆಯಲ್ಲಿ ಬಲ್ಲ ಉತ್ತರವನ್ನೂ ಪೂರ್ತಿ ಬರೆಯಲಾಗದೆ ಎದ್ದು ಬಂದೆ. ಆಗ ನನ್ನ ಮುಂದೆ ಎರಡೇ ದಾರಿಗಳು ಕಂಡವು: ಗಿಟಾರನ್ನು ಬಿಡಬೇಕು, ಇಲ್ಲವೆ ಪರೀಕ್ಷೆಯನ್ನು ಬಿಡಬೇಕು. ಪರೀಕ್ಷೆಯನ್ನು ಬಿಡುವಂತಹ ಮನೆತನ ನನ್ನದಲ್ಲ.

ಕೊಂಡ ಅಂಗಡಿಯವರನ್ನು ಕೇಳಿದೆ. "ಕೈ ಪಳಗಬೇಕು, ಸಾಮಾನಿಗೆ ಏನೂ ಆಗಿಲ್ಲ" ಎಂದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ತಂತಿ ಒತ್ತಿದ ಬೆರಳ ತುದಿಗಳು ಮೊದಮೊದಲು ಉರಿಯುತ್ತವೆ. ಕೆಲವು ವಾರಗಳಲ್ಲಿ ಚರ್ಮವು ಗಡುಸಾಗಿ ಉರಿ ತಾನೇ ಹೋಗುತ್ತದೆ. ಇದು ಕಲಿಕೆಯ ನೋವು. ಹೊಲದಲ್ಲಿ ಗುದ್ದಲಿ ಹಿಡಿದವರೆಲ್ಲರಿಗೂ ಇದು ಗೊತ್ತು. ಆದರೆ ಕೀಲಿನ ನೋವು, ಮಣಿಕಟ್ಟಿನ ಸೆಳೆತ ಇವು ಪಳಗುವುದರಿಂದ ಹೋಗುವುದಿಲ್ಲ, ಹೆಚ್ಚುತ್ತವೆ. ಒಂದು ನೋವು ನಮ್ಮನ್ನು ಕಟ್ಟುತ್ತದೆ, ಇನ್ನೊಂದು ಕೆಡಿಸುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು "ಸಹಿಸು" ಎನ್ನುವುದು ಉಪದೇಶವಲ್ಲವೆಂದೇ ನನ್ನ ನಮ್ರ ಅಭಿಪ್ರಾಯ.

ಕಡೆಗೆ ನಾನು ಹೋದದ್ದು ನಮ್ಮೂರಿನ ಬಡಗಿಯೊಬ್ಬರ ಬಳಿಗೆ. ಬಾಗಿಲು, ಮಂಚ, ರೈತರ ಕೂರಿಗೆ, ಕುಂಟೆ ಮಾಡುತ್ತಾ ಮುದುಕರಾದವರು. ಗಿಟಾರನ್ನು ಕೈಯಲ್ಲಿ ಹಿಡಿದದ್ದು ಅಂದೇ ಮೊದಲು. ತಿರುಗಿಸಿ ಮುರುಗಿಸಿ ನೋಡಿ, ನನ್ನ ಅಂಗೈಯನ್ನೂ ಚಾಚಿಸಿ ನೋಡಿದರು.

"ತಾತಾ, ಇದನ್ನ ಕೆತ್ತಿದ್ರೆ ಸ್ವರ ಕೆಡುತ್ತೇನ್ರಿ?" ಎಂದೆ.

"ಸ್ವರದ ಮಾತು ನನಗ್ಯಾಕ ಕೇಳ್ತಿ ತಮ್ಮಾ, ಅದು ನಿನಗ ಗೊತ್ತಿರಬೇಕು. ಕಟಿಗಿ ಮಾತು ಕೇಳು, ಹೇಳ್ತೀನಿ. ಕೊಡ್ಲಿ ಕಾವು ಕೈಗೆ ಹೊಂದಲಿಲ್ಲ ಅಂದ್ರ ಕೈ ಕೆತ್ತಾಕ ಬರುತ್ತೇನು? ಕಾವೇ ಕೆತ್ತಬೇಕು" ಎಂದರು.

ಸ್ವರದ ವಿಷಯವನ್ನು ನಾನೇ ತಿಳಿದುಕೊಳ್ಳಬೇಕೆಂಬ ಅವರ ಮಾತು ನ್ಯಾಯವಾದುದು. ಮನೆಗೆ ಬಂದು ವಿಚಾರ ಮಾಡಿದೆ. ತಂತಿಯ ಶ್ರುತಿಯು ಅದರ ಉದ್ದ, ತೂಕ, ಬಿಗಿ ಈ ಮೂರರಿಂದ ನಿರ್ಣಯವಾಗುತ್ತದೆ. ಫೆಂಡರ್ ಮಾದರಿಯ ಗಿಟಾರಿನಲ್ಲಿ ಮೀಟುವ ತಂತಿಯ ಉದ್ದ ಸುಮಾರು ೬೪೮ ಮಿಲಿಮೀಟರ್. ಗಿಬ್ಸನ್ ಮಾದರಿಯಲ್ಲಿ ಸುಮಾರು ೬೨೮. ಈ ಉದ್ದವನ್ನು ಮೆಟ್ಟುಗಳು ಲೆಕ್ಕಕ್ಕೆ ಸರಿಯಾಗಿ ಹಂಚಿಕೊಂಡಿರುತ್ತವೆ. ಹನ್ನೆರಡನೆಯ ಮೆಟ್ಟು ಉದ್ದದ ಸರಿಯರ್ಧಕ್ಕೆ ಬಂದು ಅಲ್ಲಿ ಮೇಲಿನ ಷಡ್ಜ ನುಡಿಯುತ್ತದೆ. ಆದುದರಿಂದ ಮುಂಭಾಗವನ್ನು ತಿಳಿಯದೆ ಮುಟ್ಟಿದರೆ ಅಪಸ್ವರ ಖಂಡಿತ. ಆದರೆ ದಂಡಿಯ ಬೆನ್ನು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅದು ಕೈಗಾಗಿ ಇರುವ ಭಾಗ. ಯಾರದೋ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರ್ಖಾನೆಯವರು ಅದನ್ನು ಒಂದು ಆಕಾರಕ್ಕೆ ತಂದಿದ್ದಾರೆ, ಅಷ್ಟೆ. ಆ ಕೈ ನನ್ನದಲ್ಲ.

ಕೆಲಸ ನಡೆದ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೋಟಾರು ವೈಂಡಿಂಗ್ ಅಂಗಡಿಯಿಂದ ವರ್ನಿಯರ್ ಕ್ಯಾಲಿಪರನ್ನು ಎರವಲು ತಂದು ದಂಡಿಯ ದಪ್ಪವನ್ನು ಮೂರು ಕಡೆ ಅಳೆದು ಕಾಗದದ ಮೇಲೆ ಬರೆದುಕೊಂಡೆವು. ಉಕ್ಕಿನ ಸರಳು ನಡುಮಧ್ಯದಲ್ಲಿ ಹಾದುಹೋಗುವುದರಿಂದ ನಡುವನ್ನು ಮುಟ್ಟಲಿಲ್ಲ. ಎರಡು ಪಕ್ಕದ 'ಭುಜ'ಗಳನ್ನು ಮಾತ್ರ ಅರದಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದು, ಐದು ನಿಮಿಷಕ್ಕೊಮ್ಮೆ ಕೈಯಲ್ಲಿ ಹಿಡಿದು ನೋಡಿದೆವು. ಒಟ್ಟಿನಲ್ಲಿ ತೆಗೆದದ್ದು ಒಂದು ಮಿಲಿಮೀಟರಿನಷ್ಟು. ಕೈಗೆ ಅದು ಬೇರೆಯೇ ವಾದ್ಯವೆನಿಸಿತು! ಬಳಿಕ ೨೪೦, ೪೦೦, ೬೦೦ ಹೀಗೆ ಬರಬರುತ್ತಾ ನಯವಾದ ಉಪ್ಪುಕಾಗದದಿಂದ ಉಜ್ಜಿ, ಬರಿಮರವು ಬೆವರು ಕುಡಿಯದಿರಲೆಂದು ಕಾಯಿಸಿದ ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿ, ಒರೆಸಿ, ಒಂದೊಂದು ಸಲಕ್ಕೂ ಪೂರ್ತಿ ಒಣಗಬಿಟ್ಟು ಮೂರು ಸಲ ಹಚ್ಚಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದೆಂದೂ, ಅದು ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳುವುದುಂಟೆಂದೂ ತಾತ ಎಚ್ಚರಿಸಿದರು. ಬಿಸಿಲಿನಲ್ಲಿ ಹರವಿ ಒಣಗಿಸಿದೆವು.

ತಪ್ಪು ಮಾಡದೆ ಮುಗಿಯಿತೆಂದು ಬರೆದರೆ ಸುಳ್ಳಾದೀತು. ಮೆಟ್ಟುಗಳಿಗೆ ಹೊಳಪು ಕೊಡುವ ಆತುರದಲ್ಲಿ ನಾನೊಬ್ಬನೇ ಕುಳಿತು ಉಕ್ಕಿನ ನಾರಿನಿಂದ ಉಜ್ಜಿದೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತಗಳಿರುತ್ತವೆ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವವು ಅವೇ. ಉದುರಿದ ಉಕ್ಕಿನ ಪುಡಿಯೆಲ್ಲ ಹೋಗಿ ಅವಕ್ಕೆ ಮುತ್ತಿಕೊಂಡಿತು. ಅಂಟುಪಟ್ಟಿಯಿಂದ ಒಂದೊಂದೇ ಎಳೆ ತೆಗೆಯುವುದರಲ್ಲಿ ಒಂದು ಭಾನುವಾರ ಕಳೆಯಿತು. ಮೊದಲೇ ಕಾಗದ ಮುಚ್ಚಿ ಅಂಟಿಸಿದ್ದರೆ ಈ ಪಾಡಿರಲಿಲ್ಲ. ಇನ್ನೊಂದು ನಷ್ಟವೂ ಆಗಿದೆ. ಕಷ್ಟ ಬಂದಾಗ ಈ ಗಿಟಾರನ್ನು ಮಾರಿ ಪರೀಕ್ಷಾ ಶುಲ್ಕಕ್ಕೆ ದಾರಿಮಾಡಿಕೊಳ್ಳಬಹುದೆಂದು ಎಣಿಸಿದ್ದೆ. ಬೆನ್ನು ಉಜ್ಜಿದ ಗಿಟಾರಿಗೆ ಈಗ ಆ ಬೆಲೆ ಬಾರದು. ಇದು ತಿಳಿದೇ ಮಾಡಿದ ಕೆಲಸವಾದುದರಿಂದ ಯಾರನ್ನೂ ದೂರುವಂತಿಲ್ಲ.

ಇನ್ನು ಗುರುಗಳ ಪ್ರಶ್ನೆಗೆ ಬರುತ್ತೇನೆ. ವಾದ್ಯವನ್ನು ಕೈಗೆ ತಕ್ಕಂತೆ ಮಾರ್ಪಡಿಸುವುದು ಅಪಚಾರವಾದರೆ ನಮ್ಮ ಸಂಗೀತದ ಹಿರಿಯರಲ್ಲಿ ಅನೇಕರು ಆ ಅಪಚಾರವನ್ನು ಮಾಡಿದ್ದಾರೆ. ಪಿಟೀಲು ನಮ್ಮ ದೇಶದ್ದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ೧೯ನೆಯ ಶತಮಾನದ ಆರಂಭದ ಹೊತ್ತಿಗೆ ಅದನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಪ್ರಮುಖರು. ಯೂರೋಪಿನವನು ನಿಂತು, ಗದ್ದದ ಕೆಳಗೆ ಅದನ್ನು ಒತ್ತಿ ಹಿಡಿಯುತ್ತಾನೆ. ನಮ್ಮವರು ಚಕ್ಕಂಬಕ್ಕಲ ಹಾಕಿ ಕುಳಿತು ಪಿಟೀಲಿನ ಸುರುಳಿತುದಿಯನ್ನು ಬಲಪಾದದ ಮೇಲೆ ಊರಿದರು. ಇದರಿಂದ ಎಡಗೈಗೆ ವಾದ್ಯವನ್ನು ಹೊರುವ ಕೆಲಸ ತಪ್ಪಿ, ಗಮಕಕ್ಕಾಗಿ ಮೇಲೆ ಕೆಳಗೆ ಜಾರಲು ಸ್ವಾತಂತ್ರ್ಯ ಬಂದಿತು. ಶ್ರುತಿ ಕೂಡಿಸುವ ಕ್ರಮವನ್ನೂ ಷಡ್ಜ ಪಂಚಮಗಳಿಗೆ ಬದಲಾಯಿಸಿಕೊಂಡರು. ಮರವನ್ನು ಕೆತ್ತಲಿಲ್ಲ, ನಿಜ. ಆದರೆ 'ಹೀಗೆಯೇ ಹಿಡಿಯಬೇಕು' ಎಂಬ ವಿಧಿಯನ್ನು ಕೆತ್ತಿ ತೆಗೆದರು.

ನಮ್ಮ ಬಳ್ಳಾರಿ ಸೀಮೆಯ ನಾಟಕಗಳಲ್ಲಿ ಹಾರ್ಮೋನಿಯಂ ಇಲ್ಲದ ರಂಗವನ್ನು ನಾವು ಊಹಿಸಲಾರೆವು. ಅದೂ ಫ್ರಾನ್ಸಿನಿಂದ ಬಂದ ವಾದ್ಯ. ಅಲ್ಲಿ ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ತಿದಿ ಒತ್ತುತ್ತಿದ್ದರು. ನೆಲದ ಮೇಲೆ ಕೂರುವ ನಮ್ಮ ಜನಕ್ಕೆ ಅನುಕೂಲವಾಗುವಂತೆ ತಿದಿಯನ್ನು ಹಿಂಬದಿಗೆ ತಂದು, ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವ ಪೆಟ್ಟಿಗೆಯನ್ನು ಮಾಡಿದ ಕೀರ್ತಿ ೧೮೭೫ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರಿಗೆ ಸಲ್ಲುತ್ತದೆ. ನಮ್ಮ ಭಜನೆಯ ಮನೆಗಳಲ್ಲಿ ಇಂದು ಇರುವುದು ಆ ಮಾರ್ಪಾಟಿನ ಸಂತತಿಯೇ. ಅದನ್ನು ಕಂಡು ಯಾರೂ 'ಕೆಟ್ಟುಹೋದ ಹಾರ್ಮೋನಿಯಂ' ಎನ್ನುವುದಿಲ್ಲ.

ಕನ್ನಡನಾಡಿನ ದೊಡ್ಡ ನಿದರ್ಶನವೆಂದರೆ ಮೈಸೂರು ಟಿ. ಚೌಡಯ್ಯನವರು. ೧೮೯೫ರಲ್ಲಿ ತಿರುಮಕೂಡಲಿನಲ್ಲಿ ಜನಿಸಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ ಬೆಳೆದ ಅವರು ೧೯೬೭ರಲ್ಲಿ ತೀರಿಕೊಂಡರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವರಿಗೆ ಪಿಟೀಲಿನ ನಾದವು ಕೇಳಿಸುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಹೂಡಿ ಏಳು ತಂತಿಯ ಪಿಟೀಲನ್ನು ನುಡಿಸಿದರು. ತಂತಿಗಳು ಹೆಚ್ಚಿದರೆ ಬಿರಡೆಗಳೂ ಹೆಚ್ಚಬೇಕು, ಕುದುರೆಯೂ ಬದಲಾಗಬೇಕು. ಎಂದರೆ ಅವರು ಮುಟ್ಟಿದ್ದು ವಾದ್ಯದ ಮೈಯನ್ನೇ. ೧೯೫೭ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಇಂದು ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವು ಪಿಟೀಲಿನ ಆಕಾರದಲ್ಲಿಯೇ ನಿಂತಿದೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತು, ಗಮಕಕ್ಕೆ ಅನುಕೂಲವಾಗುವಂತೆ ಆ ವಾದ್ಯದಲ್ಲಿ ಮಾರ್ಪಾಟುಗಳನ್ನು ಮಾಡಿಕೊಂಡು, ೧೯೯೪ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ಬಂದರು. ಆಂಧ್ರದಲ್ಲಿ ಹುಟ್ಟಿದ ಯು. ಶ್ರೀನಿವಾಸರು ಮ್ಯಾಂಡೊಲಿನ್ನಿನ ಜೋಡಿತಂತಿಗಳನ್ನು ತೆಗೆದು ಒಂಟಿತಂತಿಗಳನ್ನು ಹಾಕಿ, ಐದನೆಯದೊಂದನ್ನು ಸೇರಿಸಿಕೊಂಡರು.

"ಅವರೆಲ್ಲ ವಿದ್ವಾಂಸರು, ನೀನು ಕಲಿಯುವ ಹುಡುಗ, ಅವರ ಹೆಸರನ್ನು ನಿನ್ನ ಉಪ್ಪುಕಾಗದಕ್ಕೆ ಆಸರೆ ಮಾಡಿಕೊಳ್ಳಬೇಡ" ಎಂದು ಮಿತ್ರರೊಬ್ಬರು ಹೇಳಿದರು. ಈ ಆಕ್ಷೇಪಣೆಯು ತೂಕವುಳ್ಳದ್ದು. ಆದರೆ ವಿದ್ವಾಂಸನಾದ ಮೇಲೆಯೇ ವಾದ್ಯವನ್ನು ಮುಟ್ಟಬೇಕೆಂದರೆ, ವಾದ್ಯವು ಕೈಗೆ ಒಗ್ಗದವನು ವಿದ್ವಾಂಸನಾಗುವುದು ಹೇಗೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೊಮಿ ಎಂಬ ಹದಿನೇಳರ ಹುಡುಗನೊಬ್ಬನು ೧೯೬೫ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡನು. ಎಡಚನಾದುದರಿಂದ ತಂತಿ ಒತ್ತುವ ಕೈ ಅದೇ ಆಗಿತ್ತು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡನು. ಗಿಟಾರಿಗೆ ಹಗುರವಾದ ತಂತಿಗಳನ್ನು ಹಾಕಿದನು. ಮುಂದೆ ಶ್ರುತಿಯನ್ನೂ ತಗ್ಗಿಸಿದನು. ಬ್ಲ್ಯಾಕ್ ಸಬತ್ ತಂಡದ ಆ ಭಾರವಾದ ನಾದವು ಜಗತ್ತಿಗೆ ಕೇಳಿಸಿದ್ದು ಆಮೇಲೆ. ಅಂದು ಅವನು ಹೆಸರಾಂತನಾಗಿರಲಿಲ್ಲ. ಮೊದಲು ಅನುಕೂಲ ಮಾಡಿಕೊಂಡನು, ಹೆಸರು ಹಿಂದಿನಿಂದ ಬಂದಿತು.

ಹಾಗಾದರೆ ಕಂಡಕಂಡ ವಾದ್ಯಕ್ಕೆ ಅರ ಹಿಡಿಯಬಹುದೇ? ಖಂಡಿತ ಬೇಡ. ಇಲ್ಲಿ ನಾನು ಗುರುಗಳ ಪಕ್ಷವನ್ನೇ ಹಿಡಿಯುತ್ತೇನೆ. ಹಿರಿಯರಿಂದ ಬಂದ ವೀಣೆ, ನುರಿತ ಕೈ ಮಾಡಿದ ಅಪರೂಪದ ವಾದ್ಯ, ಸಂಸ್ಥೆಗೆ ಸೇರಿದ ವಾದ್ಯ, ಎರವಲು ತಂದ ವಾದ್ಯ ಇವುಗಳ ಮೈಯನ್ನು ಮುಟ್ಟುವ ಅಧಿಕಾರ ನಮಗಿಲ್ಲ. ನಮ್ಮದೇ ವಾದ್ಯವಾದರೂ ಮರಳಿ ಪಡೆಯಬಹುದಾದ ಮಾರ್ಪಾಟು ಮೊದಲು, ಪಡೆಯಲಾಗದ್ದು ಕಡೆಗೆ ಎಂಬ ಕ್ರಮವಿರಬೇಕು. ಮೊದಲು ಕುಳಿತುಕೊಳ್ಳುವ ಭಂಗಿ ಮತ್ತು ಹೆಗಲಪಟ್ಟಿಯ ಎತ್ತರವನ್ನು ನೋಡಬೇಕು. ಹೆಬ್ಬೆರಳನ್ನು ಅಗತ್ಯಕ್ಕಿಂತ ಹೆಚ್ಚು ಒತ್ತುತ್ತೇವೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ತೆಳುವಾದ ತಂತಿ. ಮೊದಲ ತಂತಿಯು ೧೦ರ ಬದಲು ೯ರದ್ದಾದರೆ, ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು ತೆಳ್ಳಗಾದರೆ, ಬೆರಳಿಗೆ ವ್ಯತ್ಯಾಸ ಒಡನೆಯೇ ತಿಳಿಯುತ್ತದೆ. ಬಳಿಕ ಒಳಸರಳನ್ನು ತಿರುಗಿಸಿ ದಂಡಿಯ ಬಾಗನ್ನು ಸರಿಪಡಿಸುವುದು, ತಂತಿಯನ್ನು ಮೆಟ್ಟಿಗೆ ಹತ್ತಿರ ತರುವುದು. ಇಷ್ಟೂ ಆದ ಮೇಲೆ ಲೇಪವನ್ನು ಉಜ್ಜಿ ಹೊಳಪು ಮುರಿಯುವುದು. ಮರವನ್ನು ಮುಟ್ಟುವುದು ಇವೆಲ್ಲವೂ ಸೋತ ಮೇಲೆ. ನಾನು ಈ ಕ್ರಮದಲ್ಲಿಯೇ ನಡೆದೆನು. ತೆಳುತಂತಿಯಿಂದ ಅರ್ಧ ನೋವು ಹೋಯಿತು. ಉಳಿದರ್ಧ ಹೋಗದುದರಿಂದಲೇ ಬಡಗಿ ತಾತನ ಮನೆಗೆ ಹೋದೆನು.

ನಮ್ಮೂರ ಹವೆಯ ಬಗ್ಗೆಯೂ ಒಂದು ಮಾತು. ಕೂಡ್ಲಿಗಿ ಸೀಮೆಯ ಮಾರ್ಚಿ-ಏಪ್ರಿಲ್ ತಿಂಗಳ ಒಣಗಾಳಿಗೆ ಮರವು ಕುಗ್ಗುತ್ತದೆ. ಲೋಹದ ಮೆಟ್ಟು ಹಾಗೆ ಕುಗ್ಗದು. ಆಗ ಮೆಟ್ಟುಗಳ ತುದಿಗಳು ದಂಡಿಯ ಅಂಚಿನಿಂದ ಹೊರಕ್ಕೆ ಇಣುಕಿ ಕೈಯನ್ನು ಗೀಚುತ್ತವೆ. ಗಿಟಾರನ್ನು ಕಾರ್ಖಾನೆಯಲ್ಲಿ ಎಷ್ಟು ನಯವಾಗಿ ಮಾಡಿದ್ದರೂ ಈ ನೆಲಕ್ಕೆ ಬಂದ ಮೇಲೆ ಯಾರಾದರೊಬ್ಬರು ಆ ತುದಿಗಳನ್ನು ಅರದಿಂದ ಉಜ್ಜಲೇಬೇಕು. ವಾದ್ಯವು ತಯಾರಾದ ದಿನವೇ ಪೂರ್ಣವಾಯಿತೆಂಬ ನಂಬಿಕೆ ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಅನೇಕ ಗಿಟಾರುಗಳ ಬೆರಳ ಹಲಗೆಗೆ ಉಪಯೋಗಿಸುವ ಮರವು ನಮ್ಮ ಮಲೆನಾಡಿನಲ್ಲಿ ಬೆಳೆಯುವ ಬೀಟೆ ಎಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಮರ ನಮ್ಮದಾಗಿರುವಾಗ ಅದನ್ನು ನಮ್ಮ ಕೈಗೆ ಒಗ್ಗಿಸಿಕೊಳ್ಳಲು ಸಂಕೋಚವೇಕೆ?

ಈ ವಿಷಯವು ಗಿಟಾರಿನಲ್ಲಿಯೇ ಮುಗಿಯುವುದಿಲ್ಲವಾದುದರಿಂದ ಇಷ್ಟು ದೀರ್ಘವಾಗಿ ಬರೆದೆನು. ನಮ್ಮ ತಾಯಂದಿರು ಶೇಂಗಾದ ಹೊಲದಲ್ಲಿ ಕಳೆ ತೆಗೆಯುವ ಕುರ್ಚಿಗೆಯ ಹಿಡಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ತಂದೆಯವರು ಗುದ್ದಲಿಯ ಕಾವನ್ನು ತಮ್ಮ ಎತ್ತರಕ್ಕೆ ಕತ್ತರಿಸಿಕೊಳ್ಳುತ್ತಾರೆ. ಅದನ್ನು ಯಾರೂ ಅಪಚಾರವೆನ್ನುವುದಿಲ್ಲ. ಆಯುಧಪೂಜೆಯ ದಿನ ಆ ಕುರ್ಚಿಗೆಗೂ ಗುದ್ದಲಿಗೂ ಕುಂಕುಮ ಹಚ್ಚುವುದನ್ನು ಬಿಡುವುದೂ ಇಲ್ಲ. ಪೂಜೆಗೂ ಮಾರ್ಪಾಟಿಗೂ ವಿರೋಧವಿಲ್ಲವೆಂಬುದನ್ನು ಅವರು ಬಲ್ಲರು. ವಿದ್ಯಾವಂತರಾದ ನಾವು ಮಾತ್ರ ಅಂಗಡಿಯಿಂದ ಬಂದ ವಸ್ತುವು ಬಂದ ಹಾಗೆಯೇ ಸರಿಯೆಂದು ನಂಬಿ, ಹೊಂದದಿದ್ದರೆ ದೋಷವು ನಮ್ಮ ಕೈಯದೇ ಎಂದು ತಿಳಿಯುತ್ತೇವೆ. ಬಲಗೈಯವರಿಗಾಗಿ ಹಲಗೆ ಜೋಡಿಸಿದ ಕುರ್ಚಿಯಲ್ಲಿ ಮೈಯನ್ನು ತಿರುಚಿ ಪರೀಕ್ಷೆ ಬರೆದ ಎಡಚರು ಎಷ್ಟು ಮಂದಿಯೋ! ಅವರು ಅದನ್ನು ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಬಹುದಾದ ವಿಷಯವೆಂದೇ ಅವರಿಗೆ ತೋರುವುದಿಲ್ಲ.

ಆದುದರಿಂದ ಸಾಂಸ್ಕೃತಿಕ ಸಂಘದವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ವರ್ಷ ಕಾಲೇಜಿನಲ್ಲಿ ಒಂದು ಸಣ್ಣ ಪೆಟ್ಟಿಗೆಯನ್ನು ಇಡೋಣ. ಒಂದು ಅರ, ಕೆಲವು ತಿರುಪುಳಿಗಳು, ಅಳತೆಗೋಲು, ಉಪ್ಪುಕಾಗದ, ಒಂದೆರಡು ಜೊತೆ ತಂತಿ, ಇಷ್ಟಿದ್ದರೆ ಸಾಕು. ವರ್ಷಕ್ಕೊಂದು ದಿನ ಊರಿನ ಬಡಗಿಗಳನ್ನೂ ಹಾರ್ಮೋನಿಯಂ ರಿಪೇರಿ ಬಲ್ಲವರನ್ನೂ ಅತಿಥಿಗಳಾಗಿ ಕರೆದು, ವಾದ್ಯವನ್ನಾಗಲಿ ಕುರ್ಚಿಯನ್ನಾಗಲಿ ಕೈಗೆ ಒಗ್ಗಿಸಿಕೊಳ್ಳುವ ಬಗೆಯನ್ನು ಅವರಿಂದ ಕಲಿಯೋಣ. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ.

ನಾನೇನೂ ದೊಡ್ಡ ವಾದಕನಲ್ಲ. ದಂಡಿ ತೆಳ್ಳಗಾದ ಮಾತ್ರಕ್ಕೆ ವಿದ್ಯೆ ಬಾರದು. ಹಾಡಿನ ನಡುವೆ ಎಡವುವುದು ಇಂದಿಗೂ ತಪ್ಪಿಲ್ಲ. ಆದರೆ ಈಗ ಎಡವಿದರೆ ಅದು ನನ್ನ ಅಭ್ಯಾಸದ ಕೊರತೆಯೆಂದು ಗೊತ್ತು. ದಿನಕ್ಕೆ ಒಂದು ಗಂಟೆ ನುಡಿಸುತ್ತೇನೆ. ಮರುದಿನ ಅದೇ ಕೈಯಿಂದ ಟಿಪ್ಪಣಿ ಬರೆಯುತ್ತೇನೆ. ಎರಡನೆಯ ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಯವರೆಗೂ ಬರೆದೆನು. ಬರುವ ನವರಾತ್ರಿಯಲ್ಲಿ ಗಿಟಾರಿಗೆ ಹೂವಿಟ್ಟು ಪೂಜಿಸುವೆನು; ಗುರುಗಳು ಅಂದು ನಮ್ಮ ಮನೆಗೆ ದಯಮಾಡಿಸಿದರೆ ಬಡಗಿ ತಾತನನ್ನೂ ಕರೆಯುವೆನು. ಅವರಿಬ್ಬರೂ ಕುಳಿತು ಮಾತನಾಡಿದರೆ ಈ ಪ್ರಶ್ನೆಯು ನನಗಿಂತ ಚೆನ್ನಾಗಿ ಬಗೆಹರಿಯುವುದೆಂದು ನಂಬಿದ್ದೇನೆ.